ಪಾಮ್ ಗಿಡದ ಕುಂಡ ಬದಲಿಸಿ, ಬೇರಿಗೆ ಕತ್ತರಿ ಹಾಕಬೇಡಿ

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ತಂದ ಅರೆಕಾ ಪಾಮ್ ನಮ್ಮ ಬೆಂಗಳೂರಿನ ಫ್ಲಾಟಿನ ಬಾಲ್ಕನಿಯಲ್ಲಿದೆ. 12 ಇಂಚಿನ ಪ್ಲಾಸ್ಟಿಕ್ ಕುಂಡ. ಈಗ ಅಡಿಯ ತೂತುಗಳಿಂದ ಬೇರು ಹೊರಗೆ ಬಂದಿದೆ. ಬುಡದಲ್ಲೂ ಮಣ್ಣಿನ ಮೇಲೆ ಬೇರು ಕಾಣುತ್ತಿದೆ. ನೀರು ಹಾಕಿದರೆ ತಕ್ಷಣ ತಟ್ಟೆಗೆ ಇಳಿದುಬಿಡುತ್ತದೆ. ಗರಿಗಳ ತುದಿ ಕಂದಾಗಿ ಒಣಗುತ್ತಿದೆ. ನರ್ಸರಿಯವರು ಬಂದು ನೋಡಿ, ‘ಬೇರು ಅರ್ಧಕ್ಕೆ ಕತ್ತರಿಸಿ ಎರಡಡಿ ಅಗಲದ ಡ್ರಮ್ಮಿಗೆ ಹಾಕೋಣ, ಆಮೇಲೆ ಹತ್ತು ವರ್ಷ ಮುಟ್ಟೋದೇ ಬೇಡ’ ಅಂದರು. ನಮ್ಮ ಅತ್ತೆಯವರು ಗಿಡವನ್ನು ಎರಡು ಭಾಗ ಮಾಡಿ ಒಂದನ್ನು ನಾದಿನಿಯ ಮನೆಗೆ ಕೊಡೋಣ ಅಂತಾರೆ. ಯಾವುದು ಸರಿ? ಯಾವಾಗ ಮಾಡಬೇಕು?

ಉತ್ತರ: ಕುಂಡ ಬದಲಿಸುವ ಕಾಲ ಬಂದಿದೆ ಮೇಡಂ, ಅದರಲ್ಲಿ ಅನುಮಾನ ಇಲ್ಲ. ಆದರೆ ಬೇರು ಅರ್ಧಕ್ಕೆ ಕತ್ತರಿಸುವುದು ಬೇಡ. ಎರಡಡಿ ಡ್ರಮ್ಮೂ ಬೇಡ. ಗಿಡ ಎರಡು ಮಾಡುವ ವಿಚಾರಕ್ಕೆ ಆಮೇಲೆ ಬರುತ್ತೇನೆ. ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಕುಂಡ ಬದಲಿಸಿದ ಮಾತ್ರಕ್ಕೆ ಗರಿಯ ತುದಿ ಒಣಗುವುದು ನಿಲ್ಲಲಿಕ್ಕಿಲ್ಲ. ಅದರ ಕಾರಣ ಬಹುಶಃ ನಿಮ್ಮ ನಲ್ಲಿಯಲ್ಲಿದೆ.

ನರ್ಸರಿಯವರು ಮೋಸ ಮಾಡಲು ಹೇಳಿದ್ದಲ್ಲ. ದಾಸವಾಳ, ಫೈಕಸ್‌ನಂಥ (ಆಲ, ಅತ್ತಿಯ ಜಾತಿ) ಗಿಡಗಳಿಗೆ ಅವರು ಹೇಳಿದ್ದು ಸರಿಯಾದ ಕೆಲಸವೇ. ಆ ಗಿಡಗಳ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಕುಂಡದಲ್ಲಿ ಸುತ್ತು ಹಾಕಿದ ಬೇರು ದಪ್ಪವಾಗುತ್ತಾ ಹೋಗಿ ಕೊನೆಗೆ ಗಿಡದ ಬುಡವನ್ನೇ ಬಿಗಿದುಬಿಡುತ್ತದೆ. ಹಾಗಾಗಿ ಅಂಥ ಬೇರನ್ನು ಕತ್ತರಿಸಿ ಬಿಡಿಸಬೇಕು. ಕತ್ತರಿಸಿದ ಜಾಗದಲ್ಲಿ ಅವು ಬೇಗ ಚಿಗುರುತ್ತವೆ ಕೂಡ.

ಪಾಮ್ ಹಾಗಲ್ಲ. ಗಾಳಿಗೆ ಬುಡ ಸಮೇತ ಬಿದ್ದ ತೆಂಗಿನ ಮರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಅದಕ್ಕೆ ತಾಯಿಬೇರು ಇರುವುದಿಲ್ಲ. ಬುಡದ ಸುತ್ತ ಸಾವಿರಾರು ಬೇರು, ಎಲ್ಲವೂ ಹೆಚ್ಚುಕಡಿಮೆ ಒಂದೇ ದಪ್ಪ. ಹತ್ತು ವರ್ಷದ ಬೇರೂ ನಿನ್ನೆ ಮೊನ್ನೆ ಬಂದ ಬೇರೂ ದಪ್ಪದಲ್ಲಿ ಒಂದೇ ಥರ. ಅರೆಕಾ ಪಾಮ್ ಮಡಗಾಸ್ಕರ್‌ನಿಂದ ಬಂದ ಗಿಡ. ತೆಂಗು, ಅಡಿಕೆಯ ಕುಟುಂಬದ್ದೇ. ಬೇರಿನ ರಚನೆಯೂ ಅದೇ. ಈ ಕುಟುಂಬದ ಯಾವ ಗಿಡದ ಬೇರೂ ಹುಟ್ಟಿದ ಮೇಲೆ ದಪ್ಪವಾಗುವುದಿಲ್ಲ. ಆದ್ದರಿಂದ ಕುಂಡದೊಳಗೆ ಎಷ್ಟೇ ಸುತ್ತು ಹಾಕಿಕೊಂಡಿದ್ದರೂ ಅದು ಬುಡವನ್ನು ಬಿಗಿಯುವ ಭಯ ಇಲ್ಲ. ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ. ಸುತ್ತಿದ ಬೇರನ್ನು ಬಿಡಿಸಿ ನೇರ ಮಾಡುವ ಕೆಲಸವೇ ಇಲ್ಲಿ ಇಲ್ಲ.

ಕತ್ತರಿಸಿದರೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಪಾಮ್ ಬೇರು ತುದಿಯಿಂದ ಬೆಳೆಯುತ್ತದೆ. ತುದಿ ಹೋದರೆ ಎರಡೇ ದಾರಿ. ಕತ್ತರಿಸಿದ ಜಾಗದ ಹಿಂದೆ ಕವಲು ಒಡೆಯಬೇಕು, ಇಲ್ಲ ಆ ಬೇರು ಪೂರ್ತಿ ಸತ್ತು ಕಾಂಡದ ಬುಡದಿಂದ ಹೊಸ ಬೇರು ಹುಟ್ಟಬೇಕು. ಯಾವುದು ಆಗುತ್ತದೆ ಅನ್ನುವುದು ಜಾತಿಯಿಂದ ಜಾತಿಗೆ ಬೇರೆ. ಅಮೆರಿಕದ ಫ್ಲಾರಿಡಾದಲ್ಲಿ 1980ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ತೆಂಗಿನಲ್ಲಿ ಕತ್ತರಿಸಿದ ಬೇರುಗಳಲ್ಲಿ ಸುಮಾರು ಅರ್ಧದಷ್ಟು ಬದುಕಿ ಕವಲೊಡೆದವು. ಅಲ್ಲಿನ ಸಬಾಲ್ ಎಂಬ ಪಾಮ್‌ನಲ್ಲಿ ಹೆಚ್ಚುಕಡಿಮೆ ಒಂದೂ ಉಳಿಯಲಿಲ್ಲ. ಆ ಗಿಡ ಎಲ್ಲ ಬೇರನ್ನೂ ಬುಡದಿಂದ ಹೊಸದಾಗಿ ಬಿಡಬೇಕಾಯಿತು. ನೆಲದಲ್ಲಿ ನಿಂತ ದೊಡ್ಡ ಮರ ಕಾಂಡದಲ್ಲಿ ಕೂಡಿಟ್ಟ ಶಕ್ತಿಯಿಂದ ಅದನ್ನು ತಡೆದುಕೊಳ್ಳುತ್ತದೆ. ನಿಮ್ಮ ಬಾಲ್ಕನಿಯ ಗಿಡದ ಕಾಂಡ ಹೆಬ್ಬೆರಳಿನಷ್ಟು ದಪ್ಪ ಇರಬಹುದು. ಮೇಲೆ ಅಷ್ಟೊಂದು ಗರಿ, ಕೆಳಗೆ ಅರ್ಧ ಬೇರು. ಹೊಸ ಬೇರು ಬರಲು ತಿಂಗಳುಗಳು ಬೇಕು. ಅಷ್ಟು ಹೊತ್ತಿಗೆ ಗರಿಗಳು ಒಂದೊಂದಾಗಿ ಒಣಗಿರುತ್ತವೆ.

ಹಾಗಾದರೆ ಬೇರಿಗೆ ಕತ್ತರಿ ತಾಗಿಸಲೇಬಾರದಾ? ಎರಡು ಕಡೆ ತಾಗಿಸಬಹುದು. ಕೊಳೆತು ಮೆತ್ತಗಾದ ಬೇರು ತೆಗೆಯಬೇಕು. ಅಡಿಯ ತೂತಿಗೆ ಸಿಕ್ಕಿಕೊಂಡು ಗಿಡವನ್ನು ಹೊರಗೆ ಬಿಡದ ನಾಲ್ಕಾರು ಬೇರನ್ನು ಕತ್ತರಿಸಬಹುದು. ಆದರೆ ನನ್ನನ್ನು ಕೇಳಿದರೆ, ಹಳೆಯ ಪ್ಲಾಸ್ಟಿಕ್ ಕುಂಡವನ್ನೇ ಬ್ಲೇಡಿನಿಂದ ಸೀಳಿಬಿಡಿ ಅಂತೀನಿ. ಕುಂಡಕ್ಕೆ ನೂರೈವತ್ತೋ ಇನ್ನೂರೋ ರೂಪಾಯಿ. ಬೇರು ಬೆಳೆಯಲು ಇನ್ನೊಂದು ಮಳೆಗಾಲ ಬೇಕು.

ಇನ್ನು ನೀರು ಸೀದಾ ಇಳಿದು ಹೋಗುವ ವಿಷಯ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಮಣ್ಣೇ ಉಳಿಯದಷ್ಟು ಬೇರು ತುಂಬಿಕೊಂಡಿರುವುದು. ಇನ್ನೊಂದು, ಮಣ್ಣಿಗೆ ಬೆರೆಸಿದ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಪೂರ್ತಿ ಒಣಗಿ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಇರುವುದು. ಎರಡನೆಯದಾದರೆ ನೀರು ಕುಂಡದ ಗೋಡೆಗೂ ಬೇರಿಗೂ ನಡುವಿನ ಸಂದಿಯಿಂದ ಜಾರಿ ತಟ್ಟೆ ಸೇರುತ್ತದೆ, ನಡುಭಾಗ ಒಣಗೇ ಇರುತ್ತದೆ. ಪರೀಕ್ಷೆ ಸುಲಭ. ಬಕೆಟ್ ಅಥವಾ ಟಬ್ಬಿನಲ್ಲಿ ನೀರು ತುಂಬಿ ಕುಂಡವನ್ನು ಅಂಚಿನವರೆಗೆ ಅರ್ಧ ಗಂಟೆ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ ನೀರು ಬಸಿಯಲು ಬಿಡಿ. ಆಮೇಲೆ ಮೂರ್ನಾಲ್ಕು ದಿನ ಒಳಗೆ ಹಸಿ ಉಳಿದರೆ ಕೊಕೊಪೀಟ್ ಒಣಗಿದ್ದೇ ತೊಂದರೆ. ಮರುದಿನವೇ ಮತ್ತೆ ಒಣಗಿದರೆ ಬೇರು ತುಂಬಿದೆ ಎಂದರ್ಥ. ತೂತಿನಿಂದ ಬೇರು ಬಂದದ್ದೊಂದೇ ಕುಂಡ ಬದಲಿಸಲು ಸಾಕಷ್ಟು ಕಾರಣ ಅಲ್ಲ. ಪಾಮ್‌ಗಳು ಸ್ವಲ್ಪ ಇಕ್ಕಟ್ಟಿನಲ್ಲೇ ಆರಾಮವಾಗಿರುತ್ತವೆ. ಆದರೆ ನಿಮ್ಮ ಗಿಡಕ್ಕೆ ನಾಲ್ಕು ವರ್ಷ ಆಗಿದೆ, ಬುಡವೂ ಮೇಲಕ್ಕೆ ಎದ್ದಿದೆ. ಬದಲಿಸುವುದೇ ಸರಿ.

ಹೊಸ ಕುಂಡ 14 ಇಂಚಿನದು ಸಾಕು. ಎರಡು ಇಂಚು ಹೆಚ್ಚು ಅಂದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಅಗಲದ ಜೊತೆ ಎತ್ತರವೂ ಅದೇ ಪ್ರಮಾಣದಲ್ಲಿ ಹೆಚ್ಚಿದರೆ 14 ಇಂಚಿನ ಕುಂಡದಲ್ಲಿ 12 ಇಂಚಿನದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಮಣ್ಣು ಹಿಡಿಯುತ್ತದೆ. 24 ಇಂಚಿನ ಡ್ರಮ್ಮಿನಲ್ಲಿ ಎಂಟು ಪಟ್ಟು! ಆ ಎಂಟರಲ್ಲಿ ಏಳು ಭಾಗ ಬೇರೇ ಇಲ್ಲದ ಮಣ್ಣು. ಅಲ್ಲಿಗೆ ಹಾಕಿದ ನೀರನ್ನು ಕುಡಿಯುವವರು ಯಾರೂ ಇಲ್ಲ. ಅದು ವಾರಗಟ್ಟಲೆ ಹಸಿಯಾಗೇ ಇದ್ದು, ಗಾಳಿಯಾಡದೆ ಹುಳಿಯುತ್ತದೆ. ಹೊಸ ಬೇರು ಅಲ್ಲಿಗೆ ಹೋದ ಕೂಡಲೆ ಕೊಳೆಯುತ್ತದೆ. ಸಣ್ಣ ಕುಂಡದಲ್ಲಿ ಸತ್ತ ಪಾಮ್‌ಗಿಂತ ದೊಡ್ಡ ಕುಂಡದಲ್ಲಿ ಸತ್ತ ಪಾಮ್‌ಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಬಾಲ್ಕನಿಯಲ್ಲಿ ಅಷ್ಟು ಭಾರ ಇಡುವುದೂ ಒಳ್ಳೆಯದಲ್ಲ ಬಿಡಿ.

ಕುಂಡ ಯಾವುದಾದರೂ ಆಗುತ್ತದೆ. ಅಡಿಯಲ್ಲಿ ತೂತು ಚೆನ್ನಾಗಿರಬೇಕು, ಬಾಯಿ ಹೊಟ್ಟೆಗಿಂತ ಚಿಕ್ಕದಿರಬಾರದು. ಬಾಯಿ ಚಿಕ್ಕದಾದ ಚಂದದ ಕುಂಡಗಳಿಂದ ಮುಂದಿನ ಸಲ ಗಿಡ ತೆಗೆಯಬೇಕಾದರೆ ಸುತ್ತಿಗೆಯೇ ಬೇಕು. ಮಣ್ಣಿನ ಕುಂಡ ಬೇಗ ಒಣಗುತ್ತದೆ, ನೀರು ಜಾಸ್ತಿ ಹಾಕುವ ಕೈಯವರಿಗೆ ಅದು ಒಳ್ಳೆಯದು. ಸಿಮೆಂಟ್ ಕುಂಡ ಹೊಸದಾದರೆ ಮೊದಲು ಹಲವು ದಿನ ನೀರು ತುಂಬಿಸಿ, ಚೆಲ್ಲಿ, ಸುಣ್ಣದ ಅಂಶ ಕಡಿಮೆ ಮಾಡಿಕೊಳ್ಳಿ. ಸುಣ್ಣ ಜಾಸ್ತಿಯಾದರೆ ಗಿಡಕ್ಕೆ ಕಬ್ಬಿಣ, ಮ್ಯಾಂಗನೀಸ್ ಸಿಗುವುದಿಲ್ಲ, ಹೊಸ ಗರಿ ಬಿಳಿಚಿಕೊಂಡು ಬರುತ್ತದೆ.

ಯಾವಾಗ ಮಾಡಬೇಕು ಅಂದರೆ, ಬೆಂಗಳೂರಿಗೆ ಫೆಬ್ರವರಿ ಕೊನೆಯಿಂದ ಜುಲೈವರೆಗೆ ಒಳ್ಳೆಯ ಕಾಲ. ಪಾಮ್ ಬೇರು ಬೆಚ್ಚಗಿನ ಮಣ್ಣಿನಲ್ಲಷ್ಟೇ ಚುರುಕಾಗಿ ಬೆಳೆಯುತ್ತದೆ. ಡಿಸೆಂಬರ್ ಚಳಿಯಲ್ಲಿ ಮಾಡಿದರೆ ಗಿಡ ಸಾಯದಿದ್ದರೂ ಎರಡು ತಿಂಗಳು ಸುಮ್ಮನೆ ಕುಳಿತಿರುತ್ತದೆ, ಅಷ್ಟರಲ್ಲಿ ಹಸಿ ಮಣ್ಣಿನಲ್ಲಿ ಬೇರು ಕೊಳೆಯುವ ಅಪಾಯ. ಮಂಗಳೂರು, ಉಡುಪಿ ಕಡೆಯವರು ಮೇ ತಿಂಗಳೊಳಗೆ ಮುಗಿಸಬೇಕು, ಇಲ್ಲವೇ ಮಳೆಯ ಜೋರು ಇಳಿದ ಮೇಲೆ ಸೆಪ್ಟೆಂಬರ್‌ನಲ್ಲಿ ಮಾಡಬೇಕು. ಬಯಲಿನಲ್ಲಿಟ್ಟ ಕುಂಡಕ್ಕೆ ಜೂನ್, ಜುಲೈನ ಸುರಿಮಳೆ ಒಳ್ಳೆಯದಲ್ಲ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ಬಿಸಿಲಲ್ಲಿ ಮುಟ್ಟಲೇಬೇಡಿ. ಮೊದಲ ಮಳೆ ಬಿದ್ದು ಗಾಳಿ ತಂಪಾಗಲಿ.

ಮಣ್ಣಿನ ಮಿಶ್ರಣದ ಬಗ್ಗೆ ಒಬ್ಬೊಬ್ಬರದು ಒಂದೊಂದು ಪಾಕ. ನನಗೆ ಬೇಕಾದದ್ದು ಎರಡೇ ಗುಣ: ನೀರು ಬೇಗ ಇಳಿಯಬೇಕು, ಮತ್ತು ಎರಡು ಮೂರು ವರ್ಷ ಕುಸಿಯದೆ ನಿಲ್ಲಬೇಕು. ಎರಡನೆಯದನ್ನು ಜನ ಮರೆಯುತ್ತಾರೆ. ಬರೀ ಕೊಕೊಪೀಟ್, ಎರೆಗೊಬ್ಬರ ತುಂಬಿದರೆ ಮೊದಲ ವರ್ಷ ಗಿಡ ಚೆನ್ನಾಗಿರುತ್ತದೆ. ಆಮೇಲೆ ಅದು ಕೊಳೆತು ಕುಸಿದು ಒದ್ದೆ ಹಿಟ್ಟಿನಂತಾಗುತ್ತದೆ. ಬರೀ ಕೆಮ್ಮಣ್ಣಾದರೆ ಇಟ್ಟಿಗೆ. ನಾನು ಹೇಳುವ ಅಳತೆ ಹೀಗೆ: ಕೆಮ್ಮಣ್ಣು ಒಂದು ಭಾಗ, ತೊಳೆದ ಕೊಕೊಪೀಟ್ ಒಂದು ಭಾಗ, ತೆಂಗಿನ ಸಿಪ್ಪೆಯ ಸಣ್ಣ ತುಂಡು ಅಥವಾ ಪರ್ಲೈಟ್ (ಹಗುರವಾದ ಬಿಳಿ ಹರಳು) ಒಂದು ಭಾಗ, ದಪ್ಪ ಮರಳು ಅರ್ಧ ಭಾಗ, ಚೆನ್ನಾಗಿ ಕಳಿತ ಎರೆಗೊಬ್ಬರ ಅರ್ಧ ಭಾಗ. ಮರಳು ಸಿಗದಿದ್ದರೆ ಎಂ ಸ್ಯಾಂಡ್ ಆಗುತ್ತದೆ, ಆದರೆ ಜರಡಿ ಹಿಡಿದು ಧೂಳು ತೆಗೆದ ಮೇಲೆ. ಆ ಧೂಳು ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತದೆ.

ಕೊಕೊಪೀಟ್ ತೊಳೆಯಿರಿ ಅಂದದ್ದು ಶಾಸ್ತ್ರಕ್ಕಲ್ಲ. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಇಟ್ಟಿಗೆಯಂತೆ ಒತ್ತಿ ಮಾರುವ ಕಡಿಮೆ ಬೆಲೆಯ ಪುಡಿಯಲ್ಲಿ ಜಾಸ್ತಿ. 650 ಗ್ರಾಂ ಇಟ್ಟಿಗೆ ನೆನೆಸಿದರೆ ಎಂಟು ಒಂಬತ್ತು ಲೀಟರ್ ಆಗುತ್ತದೆ. ಅದನ್ನು ಒಂದು ರಾತ್ರಿ ನೆನೆಸಿ, ಹಿಂಡಿ, ಇನ್ನೆರಡು ಸಲ ಒಳ್ಳೆಯ ನೀರಿನಲ್ಲಿ ಅದ್ದಿ ಹಿಂಡಿ. ಹಿಂಡಿದ ನೀರು ಕಾಫಿ ಬಣ್ಣದಿಂದ ತಿಳಿ ಚಹಾದ ಬಣ್ಣಕ್ಕೆ ಬಂದರೆ ಸಾಕು.

ಕುಂಡದ ಅಡಿಗೆ ಮೂರು ಇಂಚು ಜಲ್ಲಿ ಹಾಕುವ ಪದ್ಧತಿ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ನುಣುಪು ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತೊಟ್ಟಿಕ್ಕುವ ತನಕ ನೀರು ಆ ಗಡಿಯಲ್ಲೇ ನಿಂತಿರುತ್ತದೆ. ಅಂದರೆ ಜೌಗು ಜಾಗ ಮೂರು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂತು ಅಷ್ಟೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆ ಪರದೆಯ ತುಂಡು ಇಟ್ಟರೆ ಮಣ್ಣು ಸೋರುವುದಿಲ್ಲ, ಅಷ್ಟು ಸಾಕು.

ಈಗ ಕೆಲಸದ ದಿನ. ಹಿಂದಿನ ದಿನವೇ ಚೆನ್ನಾಗಿ ನೀರು ಹಾಕಿಡಿ. ಒಣಗಿದ ಬೇರು ಪಟಪಟ ಮುರಿಯುತ್ತದೆ, ನೀರು ಕುಡಿದ ಬೇರು ಬಾಗುತ್ತದೆ. ಬೆಳಿಗ್ಗೆ ಬೇಗ ಅಥವಾ ಬಿಸಿಲಿಳಿದ ಮೇಲೆ ನೆರಳಿನಲ್ಲಿ ಮಾಡಿ. ಗರಿಗಳನ್ನೆಲ್ಲ ಒಟ್ಟುಗೂಡಿಸಿ ಹಳೆಯ ದುಪಟ್ಟಾದಿಂದ ಸಡಿಲವಾಗಿ ಕಟ್ಟಿ. ಗೋಣಿಚೀಲ ಹಾಸಿ ಕುಂಡವನ್ನು ಅದರ ಮೇಲೆ ಮಲಗಿಸಿ. ಒಳಗಿನ ಗೋಡೆಯ ಉದ್ದಕ್ಕೂ ಉದ್ದನೆಯ ಚಾಕು ಆಡಿಸಿ, ಹೊರಗಿನಿಂದ ಅಂಗೈಯಲ್ಲಿ ಬಡಿಯುತ್ತಾ ಉರುಳಿಸಿ. ಆಮೇಲೆ ಕುಂಡವನ್ನು ಹಿಂದಕ್ಕೆ ಎಳೆಯಬೇಕು, ಗಿಡವನ್ನು ಮುಂದಕ್ಕಲ್ಲ. ಕಾಂಡ ಹಿಡಿದು ಜಗ್ಗಿದರೆ ಒಳಗಿನ ಸುಳಿ ಅಲುಗಾಡುತ್ತದೆ. ಪಾಮ್‌ನಲ್ಲಿ ಒಂದು ಕಾಂಡಕ್ಕೆ ಒಂದೇ ಸುಳಿ. ಅದು ಹೋದರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ.

ಬೇರಿನ ಮುದ್ದೆ ಹೊರಗೆ ಬಂದ ಮೇಲೆ ಒಂದು ನಿಮಿಷ ಕೂತು ನೋಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಬಿಳಿ ಬೇರು ಒಳ್ಳೆಯದು, ಕಂದು ಬೇರು ಕೊಳೆತದ್ದು ಅಂತ ಓದಿಕೊಂಡು ಕಂದು ಬೇರನ್ನೆಲ್ಲ ಕತ್ತರಿಸಿ ಹಾಕುತ್ತಾರೆ. ಪಾಮ್‌ನ ಹಳೆಯ ಬೇರು ಕಂದಾಗಿಯೇ ಇರುತ್ತದೆ, ತುದಿ ಮಾತ್ರ ಬೆಳ್ಳಗೆ ಅಥವಾ ಕೆನೆ ಬಣ್ಣಕ್ಕೆ ಇರುತ್ತದೆ. ಬಣ್ಣ ನೋಡಬೇಡಿ, ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವ ಇದೆ. ಒತ್ತಿದಾಗ ಪಿಸುಕ್ಕನೆ ಒಡೆದು, ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಕೈಯಲ್ಲಿ ಉಳಿದರೆ ಅದು ಸತ್ತದ್ದು. ಅದನ್ನು ತೆಗೆಯಿರಿ. ಚರಂಡಿಯ ವಾಸನೆ ಬಂದರೂ ಕೊಳೆ ಇದೆ ಎಂದರ್ಥ.

ಕೆಲವು ಪಾಮ್‌ಗಳ ಬೇರಿನ ಮೇಲೆ ಬಿಳಿ ಪುಡಿಯಂಥ ಚುಕ್ಕೆ, ಪಟ್ಟಿ ಇರುತ್ತವೆ. ತೆಂಗಿನ ಬೇರಿನಲ್ಲೂ ನೋಡಬಹುದು. ಅವು ಗಾಳಿಯಾಡುವ ಭಾಗಗಳು, ರೋಗ ಅಲ್ಲ. ಹತ್ತಿಯಂತೆ ಅಂಟಿಕೊಂಡು, ಕೆದಕಿದರೆ ಒಳಗೆ ಹುಳು ಕಂಡರೆ ಮಾತ್ರ ಅದು ಬೇರಿನ ಹಿಟ್ಟು ತಿಗಣೆ. ಕುಂಡದ ಸುತ್ತ ಇರುವೆ ಓಡಾಟ ಜಾಸ್ತಿ ಇದ್ದರೆ ಇದನ್ನು ತಪ್ಪದೆ ಹುಡುಕಿ. ಸಿಕ್ಕಿದರೆ ಮಣ್ಣನ್ನು ಪೈಪಿನ ನೀರಿನಲ್ಲಿ ಮೆಲ್ಲಗೆ ತೊಳೆದುಬಿಡಿ. ಹಳೆಯ ಮಣ್ಣನ್ನು ಬೇರೆ ಗಿಡಕ್ಕೆ ಹಾಕಬೇಡಿ.

ನಿಮ್ಮದು ನಾಲ್ಕು ವರ್ಷದ ಹಿಂದಿನ ಗಿಡ ಅಂದಿರಿ. ಬೆಂಗಳೂರಿಗೆ ಬರುವ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ಅಲ್ಲಿನ ಗೋದಾವರಿ ಬಯಲಿನ ಮಣ್ಣು ಅಂಟು ಜೇಡಿ. ಬೇರಿನ ಮುದ್ದೆಯ ನಟ್ಟನಡುವೆ ಕಲ್ಲಿನಂಥ ಜೇಡಿಯ ಉಂಡೆ ಇನ್ನೂ ಇದ್ದರೆ ಆಶ್ಚರ್ಯ ಬೇಡ. ಅದನ್ನು ಒಡೆದು ತೆಗೆಯಲು ಹೋದರೆ ಬೇರೂ ಅದರ ಜೊತೆ ಬರುತ್ತದೆ. ಒಂದು ಗಂಟೆ ನೀರಿನಲ್ಲಿ ನೆನೆಸಿ, ಊದುಬತ್ತಿ ದಪ್ಪದ ಕಡ್ಡಿಯಿಂದ ಹತ್ತಾರು ಕಡೆ ಆಳವಾಗಿ ಚುಚ್ಚಿ. ತಾನಾಗಿ ಉದುರುವ ಜೇಡಿ ಉದುರಲಿ, ಉಳಿದದ್ದು ಇರಲಿ. ಚುಚ್ಚಿದ ತೂತುಗಳಿಂದ ನೀರು, ಗಾಳಿ ಒಳಗೆ ಹೋಗುತ್ತದೆ. ಹೊಸ ಬೇರು ಹೇಗೂ ಹೊರಗಿನ ಮಿಶ್ರಣಕ್ಕೇ ಓಡುತ್ತದೆ.

ನೆಡುವ ಆಳ ಬಹಳ ಮುಖ್ಯ. ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಇರಬೇಕು. ಅಲ್ಲಾಡುತ್ತದೆ ಅಂತ ಕಾಂಡವನ್ನು ಮೂರ್ನಾಲ್ಕು ಇಂಚು ಹೂಳುವವರಿದ್ದಾರೆ. ಬೇರು ಉಸಿರಾಡಲು ಆಗದೆ ಗಿಡ ನಿಧಾನವಾಗಿ ಹಾಳಾಗುತ್ತದೆ. ಎಷ್ಟು ನಿಧಾನ ಅಂದರೆ, ವರ್ಷದ ಮೇಲೆ ಸತ್ತಾಗ ಯಾರಿಗೂ ಕಾರಣ ನೆನಪಿರುವುದಿಲ್ಲ. ನಿಮ್ಮ ಗಿಡದಲ್ಲಿ ಬುಡದ ಬೇರು ಮಣ್ಣಿನ ಮೇಲೆ ಕಾಣುತ್ತಿದೆ ಅಂದಿರಲ್ಲ, ಅದಕ್ಕೆ ಸ್ವಲ್ಪ ವಿನಾಯಿತಿ ಇದೆ. ಕಾಂಡದ ಬುಡದಲ್ಲಿ ಮೊಳಕೆಯಂಥ ಮೊಂಡು ಬೇರುಗಳು ಕಾಣುತ್ತಿದ್ದರೆ ಅವು ಮುಚ್ಚುವಷ್ಟು, ಅಂದರೆ ಒಂದು ಇಂಚಿನ ಆಸುಪಾಸು, ಹೊಸ ಮಿಶ್ರಣ ಏರಿಸಿ. ಒಣ ಗಾಳಿಯಲ್ಲಿ ಒಣಗಿಹೋಗುತ್ತಿದ್ದ ಆ ಬೇರುಗಳು ತೇವ ಸಿಕ್ಕ ಕೂಡಲೆ ಕೆಳಗಿಳಿಯುತ್ತವೆ. ಅದಕ್ಕಿಂತ ಮೇಲೆ ಹೋಗಬೇಡಿ.

ಸುತ್ತಲೂ ಮಿಶ್ರಣ ತುಂಬುವಾಗ ಕೈಯಿಂದ ಒತ್ತಿ ಗಟ್ಟಿ ಮಾಡಬೇಡಿ. ಕುಂಡವನ್ನು ನೆಲಕ್ಕೆ ಮೆಲ್ಲಗೆ ತಟ್ಟಿ, ಕಡ್ಡಿಯಿಂದ ಸಂದಿಗಳಿಗೆ ಇಳಿಸಿ. ಮೇಲೆ ಒಂದೂವರೆ ಇಂಚು ಜಾಗ ಬಿಡಿ, ನೀರು ನಿಲ್ಲಲು ಬೇಕು. ಅಡಿಯಿಂದ ತಿಳಿ ನೀರು ಬರುವ ತನಕ ನೀರು ಹಾಕಿ. ಬೇರಿಗೆ ಅರಿಶಿನ, ದಾಲ್ಚಿನ್ನಿ ಪುಡಿ ಹಚ್ಚುವುದು ಏನೂ ಬೇಡ. ಗಿಡಕ್ಕೆ ಮದುವೆ ಮಾಡುತ್ತಿಲ್ಲವಲ್ಲ!

ಆಮೇಲೆ ನಾಲ್ಕೈದು ವಾರ ಬೆಳಕು ಚೆನ್ನಾಗಿರುವ, ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಎರಡು ತಿಂಗಳು ಗೊಬ್ಬರ ಬೇಡ. ನೀರು ಹಾಕುವುದಕ್ಕೆ ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಪೊರಕೆಯ ತೆಂಗಿನ ಕಡ್ಡಿಯೊಂದನ್ನು ಹಳೆಯ ಬೇರಿನ ಮುದ್ದೆಯೊಳಗೆ ನಾಲ್ಕು ಇಂಚು ಚುಚ್ಚಿ ತೆಗೆಯಿರಿ. ಒಣಗಿ ಬಂದರೆ ನೀರು, ಹಸಿ ಮಣ್ಣು ಅಂಟಿ ಬಂದರೆ ನಾಳೆ ನೋಡೋಣ. ಹಳೆಯ ಮುದ್ದೆಯೊಳಗೇ ಚುಚ್ಚಬೇಕು. ಮೊದಮೊದಲು ಬೇರೆಲ್ಲ ಅಲ್ಲೇ ಇರುವುದರಿಂದ ಅದು ಬೇಗ ಒಣಗುತ್ತದೆ, ಸುತ್ತಲಿನ ಹೊಸ ಮಣ್ಣು ಮಾತ್ರ ಹಸಿಯಾಗಿ ಕಂಡು ನಿಮ್ಮನ್ನು ಮೋಸ ಮಾಡುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಆಗಾಗ ಚೆಲ್ಲಿ.

ಕೆಳಗಿನ ಒಂದೆರಡು ಗರಿ ಹಳದಿಯಾಗಬಹುದು, ಗಾಬರಿ ಬೇಡ. ನೋಡಬೇಕಾದದ್ದು ಸುಳಿಯನ್ನು. ಇನ್ನೂ ಬಿಚ್ಚದ ಸುಳಿ ಗರಿಗೂ ಪಕ್ಕದ ಗರಿಯ ದಂಟಿಗೂ ಒಂದೇ ಮಟ್ಟದಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಸುಳಿಯ ಗೆರೆ ಮೇಲಕ್ಕೆ ಸರಿದಿದ್ದರೆ ಗಿಡ ಬೆಳೆಯುತ್ತಿದೆ, ಬೇರು ಹಿಡಿದಿದೆ ಎಂದರ್ಥ. ಸುಳಿ ಮಂಕಾಗಿ, ಮೆಲ್ಲಗೆ ಎಳೆದರೆ ಕೈಗೇ ಬಂದು, ಬುಡದಲ್ಲಿ ಕೊಳೆತ ವಾಸನೆ ಇದ್ದರೆ ಅದು ಸುಳಿ ಕೊಳೆ. ಆ ಕಾಂಡವನ್ನು ಬುಡದಲ್ಲಿ ಕತ್ತರಿಸಿ ತೆಗೆದು, ಉಳಿದ ಕಾಂಡಗಳನ್ನು ಉಳಿಸಿಕೊಳ್ಳಬೇಕು.

ಇನ್ನು ತುದಿ ಒಣಗುವ ವಿಷಯ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬರುವ ನೀರು ಯಾವುದು ಅಂತ ವಿಚಾರಿಸಿ. ಬೋರ್ ನೀರಾದರೆ ಉಪ್ಪು, ಸುಣ್ಣ ಜಾಸ್ತಿ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯಾ ನೋಡಿ. ಅದಕ್ಕಿಂತ ಕೆಟ್ಟದ್ದು ಸಾಫ್ಟ್‌ನರ್ ನೀರು. ಗಡಸು ನೀರನ್ನು ಮೆದು ಮಾಡುವ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಆ ಯಂತ್ರಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯುವುದನ್ನು ನೀವು ನೋಡಿರಬಹುದು. ಬಕೆಟ್ಟಿಗೆ, ಗೀಸರಿಗೆ ಅದು ಒಳ್ಳೆಯದು. ಗಿಡಕ್ಕೆ ಅಲ್ಲ. ಕುಂಡದಲ್ಲಿ ಸೋಡಿಯಂ ಸೇರುತ್ತಾ ಹೋದರೆ ನೀರು ಇದ್ದರೂ ಬೇರಿಗೆ ಹೀರಲು ಆಗುವುದಿಲ್ಲ. ಗರಿಯ ತುದಿಗೆ ನೀರು ಮುಟ್ಟುವುದು ಕೊನೆಗೆ, ಹಾಗಾಗಿ ಮೊದಲು ಒಣಗುವುದೂ ಅದೇ.

ಫ್ಲೋರೈಡ್ ಇನ್ನೊಂದು ಕಾರಣ. ಅರೆಕಾ ಪಾಮ್ ಫ್ಲೋರೈಡ್ ತಡೆಯದ ಗಿಡಗಳಲ್ಲಿ ಒಂದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಆಳದ ಬೋರ್‌ಗಳಲ್ಲಿ ಫ್ಲೋರೈಡ್ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಟ್ಯಾಂಕರ್ ನೀರು ಎಲ್ಲಿಂದ ಬರುತ್ತದೋ ಯಾರಿಗೆ ಗೊತ್ತು. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುತ್ತದೆ, ಆದ್ದರಿಂದ ಪಾಮ್ ಕುಂಡಕ್ಕೆ ಅದನ್ನು ಹಾಕಬೇಡಿ.

ಪರಿಹಾರ ದುಬಾರಿಯೇನಲ್ಲ. ಕಾವೇರಿ ನೀರು ಬರುವ ನಲ್ಲಿ ಬೇರೆ ಇದ್ದರೆ ಅದನ್ನೇ ಬಳಸಿ. ಮಳೆ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಏನೂ ಇಲ್ಲದಿದ್ದರೆ ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು ಕುಂಡದ ಅಳತೆಯ ಎರಡು ಪಟ್ಟು ನೀರನ್ನು ನಿಧಾನವಾಗಿ ಹರಿಸಿ ಉಪ್ಪು ಇಳಿಸಿ. ಅದಕ್ಕೆ ಸಾಫ್ಟ್‌ನರ್ ನೀರು ಮಾತ್ರ ಬೇಡ. ಮಳೆಗಾಲದಲ್ಲಿ ಗಿಡವನ್ನು ಎರಡು ದಿನ ಮಳೆಗೆ ಇಟ್ಟರೆ ಈ ಕೆಲಸ ತಾನಾಗಿ ಆಗುತ್ತದೆ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಹೊಸ ಗರಿಯ ತುದಿ ಹೇಗೆ ಬರುತ್ತದೆ ಅನ್ನುವುದನ್ನು ನೋಡಿ. ಹಳೆಯದನ್ನು ಕತ್ತರಿಸಲೇಬೇಕಾದರೆ ಹಸಿರು ಭಾಗಕ್ಕೆ ತಾಗದಂತೆ ಕಂದು ಅಂಚು ಕೂದಲೆಳೆಯಷ್ಟು ಉಳಿಸಿ.

ತುದಿಯ ಜೊತೆ ಹಳೆಯ ಗರಿಗಳ ಮೇಲೆ ಕಿತ್ತಳೆ, ಹಳದಿ ಚುಕ್ಕೆಗಳೂ ಇದ್ದರೆ ಅದು ಪೊಟ್ಯಾಷಿಯಂ ಕೊರತೆ. ಅಂಥ ಗರಿ ಚಂದ ಇಲ್ಲ ಅಂತ ಕತ್ತರಿಸಿ ಎಸೆಯಬೇಡಿ. ಗಿಡ ಅದರೊಳಗಿನ ಪೊಟ್ಯಾಷ್ ಅನ್ನೇ ಹೊಸ ಗರಿಗೆ ಸಾಗಿಸುತ್ತಿರುತ್ತದೆ. ಕತ್ತರಿಸಿದರೆ ಕೊರತೆ ಮೇಲಿನ ಗರಿಗೆ ಏರುತ್ತದೆ. ಕುಂಡ ಬದಲಿಸಿ ಎರಡು ತಿಂಗಳಾದ ನಂತರ ನಿಧಾನವಾಗಿ ಕರಗುವ, ಪೊಟ್ಯಾಷ್ ಮತ್ತು ಮೆಗ್ನೀಸಿಯಂ ಇರುವ ಗೊಬ್ಬರ ಕೊಡಿ. ಮೆಗ್ನೀಸಿಯಂ ಇರುವ ಎಪ್ಸಮ್ ಉಪ್ಪನ್ನಷ್ಟೇ ಸುರಿಯುವವರು ನೆನಪಿಡಬೇಕಾದದ್ದು, ಮೆಗ್ನೀಸಿಯಂ ಜಾಸ್ತಿಯಾದರೆ ಪೊಟ್ಯಾಷಿಯಂ ಕೊರತೆ ಹೆಚ್ಚುತ್ತದೆ.

ಇನ್ನು ಅತ್ತೆಯವರ ಆಸೆ. ಅರೆಕಾ ಕುಂಡದಲ್ಲಿ ಕಾಣುವ ಹತ್ತಿಪ್ಪತ್ತು ಕಾಂಡ ಸಾಮಾನ್ಯವಾಗಿ ಒಂದೇ ಗಿಡದ್ದಲ್ಲ. ತುಂಬಿಕೊಂಡು ಕಾಣಲಿ ಅಂತ ನರ್ಸರಿಯಲ್ಲಿ ಹಲವು ಬೀಜದ ಸಸಿಗಳನ್ನು ಒಟ್ಟಿಗೆ ಹಾಕಿರುತ್ತಾರೆ. ಆದ್ದರಿಂದ ಬೇರೆ ಮಾಡಲು ಬರುತ್ತದೆ ಅನ್ನುವುದು ನಿಜ. ಆದರೆ ನಾಲ್ಕು ವರ್ಷದಲ್ಲಿ ಆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬಿಡಿಸಲು ಹೋದರೆ ಅರ್ಧ ಬೇರು ಹರಿಯುತ್ತದೆ, ನರ್ಸರಿಯವರ ಕತ್ತರಿಯ ಕೆಲಸವನ್ನು ನಾವೇ ಕೈಯಿಂದ ಮಾಡಿದಂತೆ ಆಗುತ್ತದೆ. ಬೇರಿನ ಮುದ್ದೆ ತೆಗೆದಾಗ ಅಂಚಿನಲ್ಲಿ ಒಂದೆರಡು ಸಸಿ ತಮ್ಮದೇ ಬೇರಿನ ಜೊತೆ ಸಲೀಸಾಗಿ ಬಿಡಿಸಿಕೊಂಡು ಬಂದರೆ ಸಣ್ಣ ಕುಂಡದಲ್ಲಿ ಹಾಕಿ, ನೆರಳಲ್ಲಿ ಬೆಳೆಸಿ, ಹೊಸ ಗರಿ ಬಿಟ್ಟ ಮೇಲೆ ಕೊಡಿ. ಬರದಿದ್ದರೆ ನಾದಿನಿಗೆ ಹೊಸ ಗಿಡ ತಂದುಕೊಡುವುದೇ ಲೇಸು. ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಗುಂಪು ತೀರಾ ಒತ್ತಾಗಿದ್ದರೆ ಬಡಕಲು ಕಾಂಡಗಳನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಬೇರು ಒಳಗೇ ಇರಲಿ.

ಇದನ್ನು ಓದುವ ಬೇರೆಯವರ ಮನೆಯಲ್ಲಿ ಬೇರೆ ಪಾಮ್ ಇರಬಹುದು. ರಾಪಿಸ್ ಪಾಮ್ ನಿಜಕ್ಕೂ ಬುಡದಿಂದ ಮರಿ ಬಿಡುವ ಗಿಡ. ಬೇರು ಬಿಟ್ಟ ಮರಿಯನ್ನು ಹರಿತ ಚಾಕುವಿನಿಂದ ಬೇರ್ಪಡಿಸಬಹುದು. ಕೆಂಟಿಯಾ ಮತ್ತು ಬಿಸ್ಮಾರ್ಕಿಯಾ ಬೇರು ಮುಟ್ಟಿದರೆ ಮುನಿಸಿಕೊಳ್ಳುವ ಜಾತಿ. ಅವುಗಳ ಬೇರಿನ ಮುದ್ದೆಯನ್ನು ಬೆರಳಿಂದ ಕೆದಕದೆ ಇಡಿಯಾಗಿ ಎತ್ತಿ ಕೂರಿಸಿ. ಸಾಗೋ ಪಾಮ್ ಅನ್ನುವ ಸೈಕಾಸ್ ಹೆಸರಿಗೆ ಮಾತ್ರ ಪಾಮ್, ಕುಟುಂಬವೇ ಬೇರೆ. ಅದರ ಬೇರಿನಲ್ಲಿ ಹವಳದಂಥ ಗಂಟುಗಳಿದ್ದರೆ ಕೀಳಬೇಡಿ. ಗಾಳಿಯ ಸಾರಜನಕ ಹಿಡಿದುಕೊಡುವ ಜೀವಿಗಳು ಅದರಲ್ಲಿರುತ್ತವೆ.

14 ಇಂಚಿನ ಕುಂಡ ನಿಮಗೆ ಎರಡು ಮೂರು ವರ್ಷಕ್ಕೆ ಸಾಕು. ಆಮೇಲೆ 16 ಇಂಚು. ಅಷ್ಟು ದೊಡ್ಡದಾದ ಮೇಲೆ ಪ್ರತಿ ಸಲ ಎತ್ತಿ ಬದಲಿಸುವುದು ಆಗದ ಕೆಲಸ. ಆಗ ವರ್ಷಕ್ಕೊಮ್ಮೆ, ಮೊದಲ ಮಳೆಯ ಹೊತ್ತಿಗೆ, ಮೇಲಿನ ಎರಡು ಇಂಚು ಮಣ್ಣನ್ನು ಬೇರಿಗೆ ಗಾಯವಾಗದಂತೆ ಕೈಯಿಂದ ತೆಗೆದು ಹೊಸ ಮಿಶ್ರಣ ಹಾಕಿ. ತೆಗೆದಷ್ಟೇ ಹಾಕಬೇಕು, ಬುಡಕ್ಕೆ ಏರಿಸಬಾರದು.